ಬಿಲ್ಲೆ

ಟೊಲಿಡೊದಲ್ಲಿ, ಲಾಂಡ್ರಿಗೂ ಡೋನಟ್ ಅಂಗಡಿಗೂ ನಡುವೆ
ಸಂದಿಯಂಥ ಒಂದು ಅಂಗಡಿ ನನ್ನದು.
ಒಂದು ಹೊಲಿಗೆ ಮಿಷನ್ನು, ಬಿಸಿಗೆ ಒತ್ತುವ ಒಂದು ಯಂತ್ರ,
ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಹತ್ತು ಬೆರಳು.
ಇಪ್ಪತ್ತೆರಡು ವರ್ಷದಿಂದ ಈ ಊರ ಹುಡುಗಿಯರ ತೋಳಿಗೆ
ಲೀಗಿನ ಬಿಲ್ಲೆ ಹಚ್ಚುತ್ತ ಬಂದಿದ್ದೇನೆ.
ಆಟ ನನಗೆ ತಿಳಿಯದು.
ಆಫ್‌ಸೈಡ್ ಅಂದರೇನೆಂದು ಹತ್ತು ಜನ ಹೇಳಿಕೊಟ್ಟರು,
ಹತ್ತೂ ಬೇರೆ ಬೇರೆ.

ಬಿಲ್ಲೆ ಮಾತ್ರ ತಿಳಿಯುತ್ತದೆ.
ಮೊದಲು ನೀಲಿ ಗುರಾಣಿ, ನೆತ್ತಿಗೆ ಮೂರು ಚುಕ್ಕಿ.
ಆಮೇಲೆ ಕೆಂಪು ರೆಕ್ಕೆ:
ಇನ್ನು ಇದೇ ಎಲ್ಲಕ್ಕೂ ಮೇಲು ಅಂದರು,
ಕಾಲೇಜಿನವರು ಕಣ್ಣಿಡುವುದು ಇಲ್ಲೇ ಅಂದರು,
ಶುಲ್ಕ ಮಾತ್ರ ಕೊಂಚ ಹೆಚ್ಚು ಅಂದರು.
ನೀಲಿ ಬಿಚ್ಚಿದೆ, ಕೆಂಪು ಹಚ್ಚಿದೆ.
ಎರಡು ವರ್ಷ ತುಂಬಿರಲಿಲ್ಲ, ಒಂದು ಮಂಗಳವಾರ
ರೆಕ್ಕೆಯವರು ಬಾಗಿಲು ಹಾಕಿಕೊಂಡು ಹೋದರು.
ಅಂದು ಸಂಜೆಯೂ ಹುಡುಗಿಯರು ಅಭ್ಯಾಸಕ್ಕೆ ಹೋದರು,
ಸತ್ತ ಲೀಗಿನ ರೆಕ್ಕೆ ತೊಟ್ಟೇ. ಬೇರೆ ಅಂಗಿ ಇರಲಿಲ್ಲವಲ್ಲ.

ಒಂದು ಗುಟ್ಟು: ಬಿಲ್ಲೆ ಕಿತ್ತರೂ ಹೋಗುವುದಿಲ್ಲ.
ಬಿಸಿಲಿಗೆ ಅಂಗಿಯೆಲ್ಲ ಮಾಸಿ, ಅದರಡಿಯ ಬಟ್ಟೆ ಮಾತ್ರ
ಹೊಸತಾಗಿ ಉಳಿದಿರುತ್ತದೆ, ರೆಕ್ಕೆಯ ಆಕಾರದಲ್ಲೇ.
ಹೊಸ ಬಿಲ್ಲೆ ಕೊಂಚ ದೊಡ್ಡದಿರಲಿ ಅಂತ ಅದಕ್ಕೇ ಕೇಳುತ್ತೇನೆ.
ಪ್ರತಿ ಸಲ ದೊಡ್ಡದೇ ಬರುತ್ತದೆ.

ಈ ಬೇಸಿಗೆಯಲ್ಲಿ, ಕಾದಾಡಿದ್ದ ಎರಡು ಲೀಗು ಕೈಕುಲುಕಿ ಒಂದಾದವು.
ಒಂದಾದದ್ದೇ ಮೂರಾಯಿತು:
ಶಿಖರ ಅಂತ ಒಂದು, ನಡುವೆ ಒಂದು,
ಮೂರನೆಯದಕ್ಕೆ ಕೆಳಗಿನದು ಅನ್ನಲು ನಾಚಿ
'ದಾರಿ' ಅಂತ ಹೆಸರಿಟ್ಟರು.
ಎಲ್ಲಿಗೆ ಅಂತ ಬರೆದಿಲ್ಲ.

ಸೋಮವಾರ, ತಂಡದ ಲೆಕ್ಕ ನೋಡುವ ಮರ್ಲಾ ಪ್ರೂಯಿಟ್
ಎರಡು ಡಬ್ಬಿ ಬಿಲ್ಲೆ, ಒಂದು ಹಾಳೆ ಇಟ್ಟು ಹೋದಳು.
ಹದಿನೆಂಟು ಹೆಸರು. ಹನ್ನೊಂದಕ್ಕೆ ಚಿನ್ನದ ಬಣ್ಣ, ಏಳಕ್ಕೆ ಬೂದು.
'ಮಕ್ಕಳಿಗೆ ಗುರುವಾರ ತಿಳಿಸುತ್ತಾರೆ, ಅಲ್ಲಿವರೆಗೆ ಬಾಯಿ ಬಿಡಬೇಡ.'
ಹಣೆಯ ಬರಹ ಓದಬಲ್ಲವರು ಯಾರು ಅಂತಾರೆ.
ನನಗೆ ಕನ್ನಡಕ ಬೇಕಾಯಿತು, ಅಷ್ಟೆ.
ಕೊನೆಯಿಂದ ಎರಡನೆಯ ಸಾಲು: ರೀಮಾ ಹದ್ದಾದ್, ಗೋಲ್‌ಕೀಪರ್. ಬೂದು.
ಆನ್ ಆರ್ಬರಿನಿಂದ ಬೇರೊಬ್ಬಳು ಬರುತ್ತಾಳಂತೆ, ಎತ್ತರದವಳು.

ಬುಧವಾರ ರೀಮಾ ಬಂದಳು.
ಹೊರಗೆ ಅಪ್ಪನ ಬ್ರೆಡ್ಡಿನ ವ್ಯಾನು, ಇಂಜಿನ್ ಆರಿಸದೆ.
ಆ ವ್ಯಾನಿನಲ್ಲೇ ಪಿಟ್ಸ್‌ಬರ್ಗು, ಲೂಯಿವಿಲ್ಲು, ಹಿಮ ಸುರಿವ ಇಂಡಿಯಾನಾ;
ಅವಳ ಬೂಟಿನ ಅಡಿಗೆ ಮಣ್ಣಿನ ಜೊತೆ ಹಿಟ್ಟು.
ಗ್ಲೌಸಿನ ಪಟ್ಟಿ ಕಿತ್ತುಬಂದಿತ್ತು.
'ಶನಿವಾರ ಹೊಸ ಲೀಗಿನ ಮೊದಲ ಮ್ಯಾಚು' ಅಂದಳು,
'ನನಗೂ ಚಿನ್ನದ್ದೇ ಅಂತ ಕೋಚು ಹೇಳಲಿಲ್ಲ.
ಆದರೆ ನಕ್ಕರು.'

ಹಾಳೆ ಮೇಜಿನ ಮೇಲೇ ಇತ್ತು. ಅದರ ಮೇಲೆ ಮೊಣಕೈ ಊರಿ
ಪಟ್ಟಿಗೆ ಎರಡೆಳೆ ದಾರ ಹಾಕಿದೆ, ಬೇಕಿಲ್ಲದ ಕಡೆಯೂ ಹಾಕಿದೆ,
ಹಲ್ಲಿನಿಂದ ಕಡಿದೆ. ಕತ್ತರಿ ಪಕ್ಕದಲ್ಲೇ ಇತ್ತು.
ಅವಳು ಗ್ಲೌಸು ತೊಟ್ಟು ಎರಡು ಬಾರಿ ಚಪ್ಪಾಳೆ ತಟ್ಟಿದಳು,
ಲಾಂಡ್ರಿಯ ಗೋಡೆಯಾಚೆ ಯಾರೋ ಬೈದರು.
'ಎಷ್ಟು?'
ಬೇಡ ಮಗು, ಹೋಗು ಅನ್ನುವ ಮಾತು ನಾಲಗೆಯ ತುದಿಗೆ ಬಂತು.

ನಾಲ್ಕು ಡಾಲರು ಅಂದೆ. ಎಂದಿನ ದರ.
ಒಂದು ಸೆಂಟು ಕಡಿಮೆ ಮಾಡಿದ್ದರೂ
ಅವಳಿಗೆ ತಿಳಿದುಬಿಡುತ್ತಿತ್ತು.