ರೆಂಡಿಟ್ಟ

ಗದ್ದ ಇಲ್ಲಿಡಿ, ಹಣೆ ಆ ಪಟ್ಟಿಗೆ ತಾಗಲಿ.
ಹಸಿರು ನಕ್ಷತ್ರ ಕಾಣ್ತದಲ್ಲ, ಅದನ್ನೇ ನೋಡಿ,
ರೆಪ್ಪೆ ಬಡಿಯಬೇಡಿ.
ದಿನಕ್ಕೆ ನಲವತ್ತು ಸಲ ಹೇಳುವ ಮಾತು.

ಖೈರುನ್ನೀಸಾ ಬಡಿಯಲಿಲ್ಲ.
ಮೂವತ್ತೊಂದು ವರ್ಷ ಕುದಿನೀರಿನ ಮುಂದೆ ಕೂತವರು,
ಹಬೆಯೊಳಗೆ ಕಣ್ಣು ತೆರೆದಿಟ್ಟೇ ರೂಢಿ.
ಬೆರಳ ತುದಿ ಬೆಂದು ಬೆಳ್ಳಗೆ
ಗೂಡಿನ ಹಾಗೇ ಸುಕ್ಕು.
ಶಿಡ್ಲಘಟ್ಟದ ಹುಳದ ವಾಸನೆ
ನನ್ನ ಕತ್ತಲ ಕೋಣೆಗೂ ಜೊತೆಗೆ ಬಂದಿತ್ತು.

ಮೊದಲ ಸಲ ಬಂದದ್ದು ಕನ್ನಡಕಕ್ಕೆ.
"ದಿಬ್ಬೂರಹಳ್ಳಿ ರಸ್ತೇಲಿ ಸ್ಕೂಟರು
ಆಕಾಶದಿಂದ ಬಿದ್ದಂಗೆ ಬಂತು ಮ್ಯಾಡಂ,
ಬಲಗಡೆ ಏನೂ ಇರಲಿಲ್ಲ."

ಸ್ಕೂಟರು ಇತ್ತು.
ಇರದಿದ್ದದ್ದು ಬಲಗಡೆ.

ಕಣ್ಣಿನ ತಳದಲ್ಲಿ ಒಂದು ಬಟ್ಟಲು, ಅಂಚು ಸವೆದದ್ದು.
ಅದಕ್ಕಿಳಿಯುವ ಎಳೆಗಳು
ಹತ್ತು ಲಕ್ಷದ ಸುಮಾರು ಇರಬೇಕಾದವು.
ಯಂತ್ರ ಎಣಿಸುವುದಿಲ್ಲ, ದಪ್ಪ ಅಳೆಯುತ್ತದೆ:
ಮೇಲೆ ಹಸಿರು, ಅಲ್ಲಲ್ಲಿ ಹಳದಿ,
ಮೂಗಿನ ಬದಿಗೆ ಕೆಂಪು.

ಇವತ್ತಿನದು ಐದನೆಯ ಚಿತ್ರ.
ಐದು ಚುಕ್ಕೆ ಸೇರಿಸಿ ಅದು ಒಂದು ಗೆರೆ ಎಳೆದಿದೆ, ಇಳಿಜಾರು.
ಚುಕ್ಕೆ ಮುಗಿದ ಮೇಲೂ ಗೆರೆ ಮುಗಿಯುವುದಿಲ್ಲ,
ತುಂಡು ತುಂಡಾಗಿ
ಇನ್ನೂ ಬಾರದ ವರ್ಷಗಳೊಳಕ್ಕೆ ನಡೆಯುತ್ತದೆ.

"ಎಷ್ಟಿದೆ ಇನ್ನೂ?"
ಹೇಳುವುದು ಡಾಕ್ಟರ ಕೆಲಸ. ತಡವರಿಸಿದೆ.
ಅವರು ನಕ್ಕರು.

"ನಾವೂ ಹೇಳ್ತೀವಮ್ಮ. ಲಾಟಿಗೆ ಕೈ ಹಾಕಿ
ಒಂದು ಹಿಡಿ ಎತ್ತಿ, ಕಿವಿ ಹತ್ರ ಅಲ್ಲಾಡಿಸಿ,
ಇದು ಏಳು ಕಿಲೋ ಗೂಡಿಗೆ ಒಂದು ಕಿಲೋ ನೂಲು,
ಇದು ಎಂಟೂವರೆ, ತಗೋಬೇಡ.
ರೆಂಡಿಟ್ಟ ಅಂತೀವಿ.
ಬಿಚ್ಚೋಕೆ ಮುಂಚೆ ಹೇಳಬೇಕು,
ಬಿಚ್ಚಿದ ಮೇಲೆ ಯಾರು ಬೇಕಾದ್ರೂ ಹೇಳ್ತಾರೆ."

"ತಪ್ಪಲ್ವಾ?"
"ತಪ್ಪುತ್ತೆ. ನೀರು ಹದ ಮೀರಿದ್ರೆ ತಪ್ಪುತ್ತೆ."

ಇಲ್ಲೂ ನೀರೇ ಅಂದೆ. ಕಣ್ಣೊಳಗಿನ ನೀರಿನ ಒತ್ತಡ.
ದಿನಾ ರಾತ್ರಿ ಒಂದು ಹನಿ ಬಿಟ್ಟರೆ
ಗೆರೆ ಮಲಗಿದರೂ ಮಲಗೀತು.
ಬಿಡದಿದ್ದರೆ, ಬಲಗಣ್ಣು, ಒಂಬತ್ತು ವರ್ಷ.

"ಎಳೆ ಕಡಿದ್ರೆ ನಾವು ಸೇರಿಸ್ತೀವಿ.
ಒದ್ದೆ ಬೆರಳಲ್ಲಿ ಇನ್ನೊಂದು ತುದಿ ಎಸೆದ್ರೆ ಸಾಕು,
ಓಡೋ ನೂಲು ತಾನೇ ಹಿಡ್ಕೊಳ್ಳುತ್ತೆ.
ಇದು?"

"ಇದು ಸೇರಲ್ಲ."

ಯಂತ್ರದ ಫ್ಯಾನು ತಿರುಗುತ್ತಿತ್ತು.
ಹನಿ ಗಂಟಲಿಗಿಳಿದು ಕಹಿಯಾಗುತ್ತೆ ಅಂದರು,
ಬೇರೆ ಕೊಡಿ ಅನ್ನಲಿಲ್ಲ.

ಆರು ತಿಂಗಳಿಗೆ ಆರನೆಯದು.
ಎಪ್ಪತ್ತೆರಡಿದ್ದದ್ದು ಎಪ್ಪತ್ತೊಂದು.
ಒಂದು ಮೈಕ್ರಾನ್: ರೋಗವೂ ಇರಬಹುದು,
ಯಂತ್ರದ ಕೈನಡುಕವೂ ಇರಬಹುದು.
ವರದಿಯಲ್ಲಿ ಇಷ್ಟನ್ನು ಬರೆಯಲು ಜಾಗವಿಲ್ಲ.

ಹೋಗುವಾಗ ಬಾಗಿಲ ಚೌಕಟ್ಟನ್ನು
ಬಲಗೈಯಲ್ಲಿ ಮೊದಲು ಮುಟ್ಟಿ
ಆಮೇಲೆ ದಾಟಿದರು.

ನನ್ನ ಮೇಜಿನ ಮೇಲೊಂದು ಗೂಡು ಬಿಟ್ಟುಹೋಗಿದ್ದರು.
ಊಟದ ಹೊತ್ತಿಗೆ, ಯಾರೂ ಇಲ್ಲದಾಗ,
ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಒಳಗೆ ಒಣಗಿದ್ದೇನೋ ಸದ್ದು ಮಾಡಿತು.
ನೂಲೆಷ್ಟಿದೆಯೋ
ನನಗೆ ತಿಳಿಯಲಿಲ್ಲ.