ಎಷ್ಟಾಳು ನೀರು

ಆಧಾರ್ ಕಾರ್ಡಿನಲ್ಲಿ ಜನವರಿ ಒಂದು.
ಅಜ್ಜಿ ನಕ್ಕಿದ್ದಳು: ನಮ್ಮ ಬೀದಿ ಮುದುಕಿಯರೆಲ್ಲ
ಒಂದೇ ದಿನ ಹುಟ್ಟಿದ್ದೇವಂತೆ,
ಪಾಪ, ಸೂಲಗಿತ್ತಿ ಎಷ್ಟು ಓಡಾಡಿದಳೋ.
ಅವಳ ಲೆಕ್ಕವೇ ಬೇರೆ.
ಪ್ಲೇಗಿಗೆ ಊರು ಬಿಟ್ಟು ಕೋಟೆಯಾಚೆ ಗುಡಿಸಲು ಹಾಕಿದ ವರ್ಷ
ಸಜ್ಜೆ ತೆನೆ ಹಾಲುಗಟ್ಟುವ ಹೊತ್ತಿಗೆ
ತಿಪ್ಪಕ್ಕ ಹುಟ್ಟಿದಳು.
ಅಲ್ಲಿಂದ ಎಣಿಸಿಕೊಳ್ಳಿ, ತೊಂಬತ್ತೋ ತೊಂಬತ್ತಾರೋ.

ಕಾಮನಬಾವಿಯ ನಮ್ಮ ಓಣಿಯಲ್ಲಿ
ಯಾರ ಕೊಡ ಬಾವಿಗೆ ಬಿದ್ದರೂ
ಗಂಡಸರು ಪಾತಾಳಗರಡಿ ಹುಡುಕುತ್ತ ಅಟ್ಟ ಹತ್ತುವರು.
ಅಜ್ಜಿ ಕಚ್ಚೆ ಹಾಕಿ ಕಟ್ಟೆ ಹತ್ತುವಳು.
ಕೇಳುತ್ತಿದ್ದುದು ಒಂದೇ ಮಾತು:
"ಎಷ್ಟಾಳು ನೀರೈತೆ?"
ಉತ್ತರ ಬರುವುದರೊಳಗೆ ಧುಡುಂ.
ಹಗ್ಗದ ತುದಿ ಹಿಡಿದು ನಾನು ಎಣಿಸಬೇಕು.
ಒಮ್ಮೆ ಎಪ್ಪತ್ತಾರಕ್ಕೆ ಬಂದಿದ್ದೆ, ಅಳುವೂ ಬಂದಿತ್ತು;
ಆಗ ಎದ್ದಳು, ಕಂಕುಳಲ್ಲಿ ಹಿತ್ತಾಳೆ ಕೊಡ,
ಹಲ್ಲಿನ ನಡುವೆ
ಮೂರು ವರ್ಷದ ಹಿಂದೆ ಕಳೆದ ಯಾರದೋ ಕಾಲುಂಗುರ.
ಕೂಲಿ, ಒಂದು ಬಾಯಿ ಎಲೆ ಅಡಿಕೆ.

ಒಂದು ಸಲ ಕೊಡವಲ್ಲ.
ಮೂರು ತಿಂಗಳ ಹಿಂದೆ ಬಂದ ಸೊಸೆ,
ಹಸಿರು ಬಳೆ ಒಂದೂ ಒಡೆದಿರಲಿಲ್ಲ.
ಅಜ್ಜಿ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ತಂದಳು,
ಆ ಮನೆಯ ನೀರು ಮತ್ತೆಂದೂ ಮುಟ್ಟಲಿಲ್ಲ.
ಮರುದಿನ ಒಣ ಸೋರೆಬುರುಡೆ ಹೆಗಲಿಗೆ ಹಾಕಿ
ಓಣಿಯ ಬಾಗಿಲೆಲ್ಲ ಬಡಿದಳು:
ಹೆಣ್ಣುಮಕ್ಕಳನ್ನು ಕಳಿಸಿ, ಈಜು ಕಲಿಸ್ತೀನಿ.
"ನಮಗ್ಯಾಕವ್ವ ಈಜು?" ಅಂದಳು ಸಾಕವ್ವ.
"ಬಿದ್ದೋಳಿಗೆ ನಡುವಲ್ಲಿ ಮನಸ್ಸು ಬದಲಾದ್ರೆ
ಮೇಲಕ್ಕೆ ಬರೋಕೆ ಗೊತ್ತಿರಬೇಕಲ್ಲ."
ಹದಿನೇಳು ಜನ ಕಲಿತೆವು.

ಬೊಂಬಾಯಿಗೆ ಹೋದದ್ದು ಚಳ್ಳಕೆರೆಯ ಶೇಂಗಾ ಲಾರಿಯಲ್ಲಿ.
ತಾತನಿಗೆ ಹೇಳಿದ್ದು ಹಿರಿಯೂರಿಗೆ, ತಂಗಿ ಮನೆಗೆ.
ಹೆಂಗಸು ಮುಂದೆ ಕೂರಬಾರದು ಅಂದನಂತೆ ಡ್ರೈವರು;
ಚೀಲಗಳ ಮೇಲೆ ಅಂಗಾತ ಮಲಗಿ ಎರಡು ರಾತ್ರಿ
ಚುಕ್ಕಿ ನೋಡುತ್ತ, ಸರಕಿಗೇ ಕೈ ಹಾಕಿ
ಸುಲಿದು ತಿನ್ನುತ್ತ ಹೋದಳು.
ಕಡಲಿಗಿಳಿದು ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿ
"ಇಷ್ಟು ಇಟ್ಟುಕೊಂಡೂ ಒಂದು ಗಂಟಲಿಗಾಗಲ್ವಲ್ಲೋ" ಎಂದು
ಬೈದು ಬಂದಳು.
ಸೆರಗಿನ ಗಂಟಿನಲ್ಲಿ ಮರಳು.
ತಾತನ ಅಂಗೈ ಮೇಲೆ ಒಂದು ಕಪ್ಪೆಚಿಪ್ಪು ಇಟ್ಟಳು.
ಸಾಯುವ ತನಕ ಅವನು ಅದರಲ್ಲೇ ಸುಣ್ಣ ಇಟ್ಟುಕೊಂಡ.
ಹಿರಿಯೂರಿನ ಸುದ್ದಿ ಎತ್ತಲಿಲ್ಲ.

ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿದಾಗ
ಇಂಜಿನಿಯರನಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನಿಸಿ
ಕಂಬದೊಳಗಿನ ಏಣಿ ಹತ್ತಿದಳೆಂಬುದು
ಅವಳು ಹೇಳಿದ್ದು. ನಮ್ಮಣ್ಣ ಒಪ್ಪುವುದಿಲ್ಲ.
ನಾನು ಅರ್ಧದವರೆಗೆ ಒಪ್ಪುತ್ತೇನೆ,
ಅವಳೂ ಅರ್ಧಕ್ಕೇ ಇಳಿದೆ ಅಂದಿದ್ದಳು,
ಒಳಗೆ ಬಾವಿಯ ಹಾಗೇ ಐತೆ, ನೀರೊಂದಿಲ್ಲ, ಬೇಜಾರು.

ಜಿಲ್ಲಾಸ್ಪತ್ರೆಯಲ್ಲಿ ಮೂಗಿಗೆ ನಳಿಗೆ.
ಬೆರಳು ಸೊಂಟದ ಹತ್ತಿರ ಏನೋ ತಡಕುತ್ತಿತ್ತು.
ನೆರಿಗೆ ಎಂದು ನನಗೆ ತಡವಾಗಿ ಹೊಳೆಯಿತು.
ಹೊದಿಕೆಯ ಅಂಚನ್ನೇ ಕೈಗಿತ್ತೆ;
ಬಿಗಿಯಾಗಿ ಸಿಕ್ಕಿಸಿಕೊಂಡಳು.
"ಎಷ್ಟಾಳು ನೀರೈತೆ?"

ಡಾಕ್ಟರಿಗೆ ಗೊತ್ತಿರಲಿಲ್ಲ.
"ಎರಡಾಳು, ಅಜ್ಜಿ" ಅಂದೆ, ಬಾಯಿಗೆ ಬಂದದ್ದು.
ಉಸಿರೆಳೆದುಕೊಂಡಳು.

ಎಣಿಸುತ್ತಿದ್ದೆ.
ಎಪ್ಪತ್ತಾರು ದಾಟಿತು. ನೂರು.
ನರ್ಸು ಹೆಗಲು ಮುಟ್ಟಿದಳು.
ಸ್ವಲ್ಪ ಇರಿ ಅಂದೆ, ತಳದಲ್ಲಿ
ಬೇರೆ ಯಾರದೋ ಕೊಡ ಕಂಡಿರಬೇಕು.