ಹನ್ನೊಂದು ನಿಮಿಷ

ಹಲಗೆಯ ಮೇಲೆ ಲಂಡನ್. ಪಕ್ಕದಲ್ಲಿ ಗೇಟು, ಗಂಟೆ.
ದೂರ ಬರೆದಿರುವುದಿಲ್ಲ; ಕೇಳಿದವರಿಗೆ ನಾವೇ ಹೇಳಬೇಕು:
ಹದಿನಾಲ್ಕೂವರೆ ಸಾವಿರ ಕಿಲೋಮೀಟರು,
ಹದಿನೇಳು ಗಂಟೆ ಚಿಲ್ಲರೆ, ನಡುವೆ ಎಲ್ಲೂ ಇಳಿಯುವುದಿಲ್ಲ.
ಚಿಲ್ಲರೆ ಎಷ್ಟೆಂದು ಗಾಳಿಯನ್ನೇ ಕೇಳಬೇಕು.

ಪರ್ತ್‌ನಲ್ಲಿ ಜನವರಿ. ಹೊರಗೆ ಡಾಂಬರು ಮೆತ್ತಗಾಗಿದೆ.
ನನ್ನ ಗಾಲಿಕುರ್ಚಿಯಲ್ಲಿ ಇವತ್ತು ಎನಿಡ್ ಹಾಲ್ರಾಯ್ಡ್,
ಎಂಬತ್ಮೂರು, ಮೈಮೇಲೆ ಉಣ್ಣೆಯ ಕೋಟು,
ಕತ್ತಿನ ತನಕ ಗುಂಡಿ.
"ಅಲ್ಲಿ ಇಳಿದಾಗ ಬೇಕಲ್ಲ," ಎಂದಳು ಬೆವರೊರೆಸುತ್ತ,
ಆಗಲೇ ಅರ್ಧ ಇಳಿದವಳ ಹಾಗೆ.

ತಪಾಸಣೆಯಲ್ಲಿ ಅವಳ ಬಿಸ್ಕತ್ತಿನ ಡಬ್ಬಿ ಗಲಗಲ ಎಂದಿತು.
ಹುಡುಗ ಮುಚ್ಚಳ ತೆಗೆದ: ಗುಂಡಿಗಳು.
ಮೂಳೆಯವು, ಹಿತ್ತಾಳೆಯವು, ಕಪ್ಪೆಚಿಪ್ಪಿನವು,
ಲಂಗರು ಕೊರೆದ ನಾವಿಕರವು ಎರಡು.
ಅವ್ವ ಸತ್ತಾಗ ಹೋಗಿ ತಂದದ್ದಂತೆ, ಯಾರನ್ನೂ ಕೇಳದೆ;
ಅಂದಿನಿಂದ ತಂಗಿ ವಿನಿ ಮಾತು ಬಿಟ್ಟಳು.
ಮೂವತ್ತೊಂದು ವರ್ಷ. ಒಂದು ಡಬ್ಬಿ ಗುಂಡಿಗೆ.

ನನಗೆ ನಗು ಬರಲಿಲ್ಲ.
ಒಂದು ಒರಳುಕಲ್ಲಿಗೆ ಎರಡು ಮನೆ
ಬೆನ್ನು ತಿರುಗಿಸಿ ಕೂತದ್ದನ್ನು ಕಂಡವಳು ನಾನು.

"ಬರೀ ಹದಿನೇಳು ಗಂಟೆಯೇ?
ಅರವತ್ತೈದರಲ್ಲಿ ನಾನು ಬಂದದ್ದು ಹಡಗಿನಲ್ಲಿ,
ಇಪ್ಪತ್ತಾರು ದಿನ. ಅಪ್ಪನ ಮೇಲೆ ಕುದಿಯುತ್ತ ಹತ್ತಿದೆ.
ಸೂಯೆಜ್ ದಾಟುವಾಗ ಬೈಗುಳ ಮುಗಿದಿತ್ತು.
ಏಡನ್‌ನಲ್ಲಿ ಅವನ ಕೆಮ್ಮು ನೆನಪಾಯಿತು.
ಫ್ರೀಮ್ಯಾಂಟಲ್ ಕಾಣುವ ಹೊತ್ತಿಗೆ ಕಾಗದ ಬರೆದಾಗಿತ್ತು,
ಅಂಟಿಸುವುದೊಂದೇ ಬಾಕಿ.
ಈಗ ವಿನಿಗೆ ಏನು ಹೇಳಲಿ? ಮೊದಲ ಮಾತು ಸಿಗುವ ಮುಂಚೆ
ಬೆಲ್ಟು ಕಟ್ಟಿಕೊಳ್ಳಿ, ಇಳಿಯುತ್ತಿದ್ದೇವೆ ಅನ್ನುತ್ತಾರೆ."

ಎದುರಿನ ಪರದೆಯಲ್ಲಿ ನಕಾಶೆ ಇರುತ್ತದೆ, ಅಮ್ಮ,
ಎಷ್ಟು ಬಂದಿರಿ, ಎಷ್ಟು ಉಳಿಯಿತು, ತೋರಿಸುತ್ತದೆ.
ದಿನಕ್ಕೆ ನಲವತ್ತು ಸಲ ಹೇಳುವುದನ್ನೇ ಹೇಳಿದೆ.

ನಮ್ಮಜ್ಜಿ ದಾರಿಯನ್ನು ಎಲೆಯಡಿಕೆಯಲ್ಲಿ ಅಳೆಯುತ್ತಿದ್ದಳು.
ಕುಷ್ಟಗಿಯಿಂದ ತವರಿಗೆ ಹೋಗುವಾಗ ನಾಕು ಎಲೆ,
ಬರುವಾಗ ಎಂಟು. ದಾರಿ ಅದೇ.
"ಬಾಯಾಗ ರಸ ಇರೂತನಕ ದಾರಿ, ತಂಗಿ,
ಆಮ್ಯಾಲೆ ಬರೇ ನಡಿಯೂದು."

ಲಿಫ್ಟಿನಲ್ಲಿ ಹೋದರೆ ಗೇಟಿಗೆ ನಾಲ್ಕು ನಿಮಿಷ.
ಲಿಫ್ಟಿಗೆ ಬೆನ್ನು ಹಾಕಿದೆ.
ಸೆಂಟಿನ ಅಂಗಡಿ, ಹತ್ತಿ ತುಂಬಿದ ಕಾಂಗರೂಗಳ ಸಾಲು,
ಕುಡಿಯುವ ನಲ್ಲಿ, ತುಂಬಿದ ಬಾಟಲಿಗೇ ಮತ್ತೊಮ್ಮೆ ನೀರು,
ಪ್ರಾರ್ಥನೆಯ ಕೋಣೆ ಹಾದು ಗಾಜಿನ ಗೋಡೆಯ ಗುಂಟ
ಒಣಹುಲ್ಲು ಕಾಣುವಲ್ಲಿ ಒಂದಿಷ್ಟು ನಿಂತು.
ಎಡಗಾಲಿ ಕಿರುಗುಟ್ಟುತ್ತದೆ, ಎಣ್ಣೆ ಹಾಕಿ ಎಂದು ಬರೆದುಕೊಟ್ಟಿದ್ದೇನೆ;
ಇವತ್ತು ಅದೇ ಒಳ್ಳೆಯದಾಯಿತು, ನಾನು ಮಾತಾಡಬೇಕಿರಲಿಲ್ಲ.
ಅವಳ ತುಟಿ ಅಲುಗುತ್ತಿತ್ತು. ಒಮ್ಮೆ "ನೋಡು ವಿನಿ" ಎಂದಳು.
ಅಳಿಸಿ, ಮತ್ತೆ, "ವಿನಿ, ನೋಡು."

ಗೇಟಿನವನು ಕೈಗಡಿಯಾರ ತಟ್ಟಿ ತೋರಿಸಿದ.
ನಾಲ್ಕರ ಬದಲು ಹದಿನೈದು.
ಹನ್ನೊಂದು ನಿಮಿಷ. ಮೂರು ಸಾವಿರ ಹರದಾರಿಗೆ
ನನ್ನ ಕೈಲಾದದ್ದು ಅಷ್ಟೇ.

ಮರುದಿನ ಮಧ್ಯಾಹ್ನ ಪಾಳಿಗೆ ಬಂದು ನೋಡಿದೆ.
ಲಂಡನ್: ಇಳಿದಿದೆ.
ಅಲ್ಲಿನ್ನೂ ನಸುಕು; ರಾತ್ರಿಯ ಬೆನ್ನು ಹತ್ತಿ ಹೋದವರಿಗೆ
ದಾರಿಯುದ್ದಕ್ಕೂ ಬೆಳಗಾಗುವುದಿಲ್ಲ.
ಎದುರುಗಾಳಿ ಯಾಕೋ ಬಿದ್ದುಹೋಗಿ
ಇಪ್ಪತ್ತು ನಿಮಿಷ ಮೊದಲೇ ಮುಟ್ಟಿತಂತೆ.
ನನ್ನ ಹನ್ನೊಂದೂ ಹೋಯಿತು, ಅವಳವೇ ಒಂಬತ್ತೂ.

ಕುರ್ಚಿ ಎಳೆದುಕೊಂಡೆ. ಸದ್ದಿಲ್ಲ.
ಎಡಗಾಲಿಗೆ ಯಾರೋ ಎಣ್ಣೆ ಹಾಕಿದ್ದರು.